ಬೀಳಿನ ತೋಳ, ಹೊಳೆಯ ನೀರುನಾಯಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಮಂಡ್ಯ ಜಿಲ್ಲೆಯ ವನ್ಯಜೀವಿಗಳೆಂದರೆ ಮೂರು ಸಾಲಿನ ನೋಟ್ಸ್. ಶ್ರೀರಂಗಪಟ್ಟಣಕ್ಕೆ ರಂಗನತಿಟ್ಟು, 1940. ಪಾಂಡವಪುರಕ್ಕೆ ಮೇಲುಕೋಟೆ ತೋಳಧಾಮ, 1974. ನಾಗಮಂಗಲಕ್ಕೆ ಆದಿಚುಂಚನಗಿರಿಯ ನವಿಲು. ಇಸವಿ ನೆನಪಿದ್ದರೆ ಒಂದು ಅಂಕ. ಆ ಜಾಗಗಳಲ್ಲಿ ಬದುಕುವ ಪ್ರಾಣಿಗಳ ಪಾಡು ಸಿಲಬಸ್ಸಿನಲ್ಲಿಲ್ಲ.

ನಾನು ಹೇಳಹೊರಟಿರುವುದು ಎರಡರ ಬಗ್ಗೆ ಮಾತ್ರ: ನೀರುನಾಯಿ ಮತ್ತು ತೋಳ. ಹೆಸರು ದಾರಿ ತಪ್ಪಿಸುತ್ತದೆ. ನೀರುನಾಯಿ ನಾಯಿಯ ಜಾತಿಯದಲ್ಲ. ನಾಯಿಯ ನಿಜವಾದ ನೆಂಟ ತೋಳ.

ರಂಗನತಿಟ್ಟಿನಲ್ಲಿ ಬೆಳಿಗ್ಗೆ ದೋಣಿ ಹತ್ತಿದವರಿಗೆ ಅದೃಷ್ಟವಿದ್ದರೆ ನೀರುನಾಯಿ ಕಾಣುತ್ತದೆ. ಸಂಸಾರ ಸಮೇತ ಮೀನು ಹಿಡಿಯುವ ಪ್ರಾಣಿ ಅದು. ಮರಿ ಹಾಕಲು ದಡದ ಬಿಲ ಬೇಕು, ಮೈ ಒಣಗಿಸಲು ಮರಳ ದಿಣ್ಣೆ ಬೇಕು. ಮರಳು ಲಾರಿ ಹತ್ತಿದ ಕಡೆ ಎರಡೂ ಇರುವುದಿಲ್ಲ. ಬಲೆ ಹರಿಯುತ್ತದೆಂದು ಮೀನು ಹಿಡಿಯುವವರಿಗೂ ಅದರ ಮೇಲೆ ಸಿಟ್ಟು. ಆದರೂ ನೋಡಲು ಮುದ್ದಾಗಿದೆ, ಪ್ರವಾಸಿಗರ ಕ್ಯಾಮೆರಾ ಅದರ ಪರವಾಗಿದೆ.

ತೋಳಕ್ಕೆ ಆ ಭಾಗ್ಯವಿಲ್ಲ. ನಮ್ಮ ಕಥೆಗಳಲ್ಲೆಲ್ಲ ಅದು ಕಳ್ಳ. ಮೇಲುಕೋಟೆ ಧಾಮ ಹೆಚ್ಚುಕಡಿಮೆ 50 ಚದರ ಕಿ.ಮೀ. ಇದೆ. ಆದರೆ ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಕುರುಚಲು, ಹುಲ್ಲುಗಾವಲು, ಬೀಳು ಬಿದ್ದ ಹೊಲ ಅದರ ಊರು. ರಾತ್ರಿಯಿಡೀ ಮೈಲಿಗಟ್ಟಲೆ ನಡೆಯುತ್ತದೆ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ನಾರಾಯಣದುರ್ಗದ ಕಡೆ ಕುರಿ ಮೇಯಿಸುವ ನಮ್ಮ ದೊಡ್ಡಪ್ಪ ಕೇಳುವುದು ಅದನ್ನೇ: “ತ್ವಾಳ ಏನು ಬೋರ್ಡು ಓದ್ಕಂಡು ಓಡಾಡ್ತದಾ ಮಗ?” ಪರಿಹಾರ ಕೇಳಲು ಸತ್ತ ಕುರಿ ತೋರಿಸಬೇಕು. ತೋಳ ಮರಿಯನ್ನೇ ಕಚ್ಚಿಕೊಂಡು ಹೋದರೆ ತೋರಿಸುವುದೇನು? ಹಿಂದೆ ಬಿಲಕ್ಕೆ ಹೊಗೆ ಹಾಕುತ್ತಿದ್ದದ್ದೂ ಇದೇ ಸಂಕಟಕ್ಕೆ. ಈಗ ಬೀದಿನಾಯಿಗಳಿಂದ ಹರಡುವ ರೋಗವೂ ಸೇರಿಕೊಂಡಿದೆ. ಇಡೀ ದೇಶದಲ್ಲಿ ಉಳಿದಿರುವ ತೋಳಗಳು ಎರಡು-ಮೂರು ಸಾವಿರ ಎಂಬ ಅಂದಾಜಿದೆ, ಹುಲಿಗಿಂತ ಹೆಚ್ಚೇನಲ್ಲ.

ಕಾಗದದ ಮೇಲೆ ಹೊಳೆ ಎಂದರೆ ಹೊಳೆಯೇ. ಬೀಳು ಮಾತ್ರ ‘ಪಾಳು ಭೂಮಿ’. ನನ್ನ ಪ್ರಕಾರ ತೋಳಕ್ಕೆ ದೊಡ್ಡ ಹೊಡೆತ ಕೊಟ್ಟಿರುವುದು ಈ ಪದ. ಪಾಳೆಂದು ಕರೆದ ಮೇಲೆ ಅಲ್ಲಿ ಲೇಔಟು ಮಾಡಿದರೂ ನೀಲಗಿರಿ ನೆಟ್ಟರೂ ಯಾರೂ ಕೇಳುವುದಿಲ್ಲ.

ಉತ್ತರ ಕರ್ನಾಟಕದವರು ನಮಗಿಂತ ಮುಂದಿದ್ದಾರೆ. ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದರು. ಅದೇ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮವೂ ಇದೆ.

ದೊಡ್ಡಪ್ಪನಿಗೆ ಇದನ್ನು ಹೇಳಿದೆ. ತೋಳದ ಮೇಲೆ ಅವರಿಗೆ ಮೊದಲಿನ ಸಿಟ್ಟಿಲ್ಲ. ಊರ ಹಿಂದಿನ ಬೀಳಿಗೆ ತಂತಿ ಬೇಲಿ ಬಿದ್ದಿದೆ, ಮೇಯಿಸಲು ಜಾಗವಿಲ್ಲ. ಯುಗಾದಿಯೊಳಗೆ ಅರ್ಧ ಕುರಿ ಮಾರುತ್ತಾರಂತೆ.