ವಿಮಾನವು ರನ್‌ವೇಯನ್ನು ಮೀರುವುದೇಕೆ?

ಮಂಗಳೂರಿನಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗಬೇಕಾದರೆ ಗುಡ್ಡವನ್ನು ಏರಬೇಕು. ಮುರಕಲ್ಲಿನ ಗುಡ್ಡಗಳ ನೆತ್ತಿಯನ್ನು ಸವರಿ, ತಗ್ಗುಗಳನ್ನು ತುಂಬಿ, ಅಲ್ಲಿ ರನ್‌ವೇಯನ್ನು ನಿರ್ಮಿಸಿದ್ದಾರೆ. ರನ್‌ವೇ ಮುಗಿದ ಸ್ವಲ್ಪ ದೂರದಲ್ಲಿಯೇ ನೆಲವು ಕಣಿವೆಗೆ ಇಳಿಯುತ್ತದೆ. ಮೇಜಿನ ಮೇಲ್ಮೈಯನ್ನು ಹೋಲುವುದರಿಂದ ಇಂಥ ರನ್‌ವೇಗೆ ‘ಟೇಬಲ್‌ಟಾಪ್’ ಎಂಬ ಹೆಸರು ಬಂದಿದೆ. ಮೇಜಿನ ಮೇಲೆ ಉರುಳಿಬಿಟ್ಟ ಗೋಲಿಯು ಅಂಚಿಗೆ ಬರುವ ಮೊದಲೇ ನಿಲ್ಲದಿದ್ದರೆ ಏನಾಗುವುದೆಂಬುದನ್ನು ಮಕ್ಕಳೂ ಬಲ್ಲರು. ಮಲಬಾರಿನ ಕರಿಪ್ಪೂರಿನಲ್ಲಿರುವ ಕಲ್ಲಿಕೋಟೆಯ ವಿಮಾನ ನಿಲ್ದಾಣವೂ ಇದೇ ಬಗೆಯದು.

ನಮ್ಮ ಕರಾವಳಿಯನ್ನೂ ಮಲಬಾರನ್ನೂ ಕೊಲ್ಲಿ ರಾಷ್ಟ್ರಗಳಿಗೆ ಜೋಡಿಸುವ ಉದ್ದೇಶದಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಂಬ ಸಂಸ್ಥೆಯು ೨೦೦೫ರಲ್ಲಿ ಹಾರಾಟವನ್ನಾರಂಭಿಸಿತು. ದುಡಿಯಲು ಹೋದವರು ರಜೆಗೆ ಊರಿಗೆ ಬರುತ್ತಿದ್ದುದು ಬಹುಮಟ್ಟಿಗೆ ಇದರ ವಿಮಾನಗಳಲ್ಲಿಯೇ. ಈ ಸಂಸ್ಥೆಯ ಮೊದಲ ಹದಿನೈದು ವರ್ಷಗಳಲ್ಲಿ ಪ್ರಾಣಹಾನಿಯಾದ ಅಪಘಾತಗಳು ಎರಡು ನಡೆದವು. ೨೦೧೦ರ ಮೇ ೨೨ರ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ವಿಮಾನವು ಮಂಗಳೂರಿನ ರನ್‌ವೇಯನ್ನು ಮೀರಿ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮೃತರಾದರು. ಉಳಿದವರು ಎಂಟೇ ಜನ. ೨೦೨೦ರ ಆಗಸ್ಟ್ ೭ರ ಸಂಜೆ, ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ವಿದೇಶದಲ್ಲಿ ಸಿಕ್ಕಿಕೊಂಡವರನ್ನು ದುಬೈಯಿಂದ ಕರೆತಂದ ಇನ್ನೊಂದು ವಿಮಾನವು ಕಲ್ಲಿಕೋಟೆಯಲ್ಲಿ ಹಾಗೆಯೇ ರನ್‌ವೇಯನ್ನು ಮೀರಿತು. ಬೆಂಕಿ ಹೊತ್ತದ ಕಾರಣ ೧೯೦ ಮಂದಿಯಲ್ಲಿ ೧೬೯ ಮಂದಿ ಉಳಿದರು. ಇಬ್ಬರು ವೈಮಾನಿಕರೂ ಸೇರಿ ೨೧ ಮಂದಿ ತೀರಿಕೊಂಡರು.

ಎರಡೂ ಬೋಯಿಂಗ್ ೭೩೭-೮೦೦ ಜಾತಿಯ ವಿಮಾನಗಳು. ಎರಡರ ಎಂಜಿನುಗಳೂ ಸರಿಯಾಗಿದ್ದವು. ಹಾಗಾದರೆ ಅವು ನಿಲ್ಲಲಿಲ್ಲವೇಕೆ? ಉತ್ತರದ ಬಹುಭಾಗವು ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿಯೇ ಇದೆ.

ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದರೆ ಅದರ ಚಲನಶಕ್ತಿಯು ದೊರೆಯುತ್ತದೆ. ಇಳಿಯುವಾಗ ಇಂಥ ವಿಮಾನದ ತೂಕ ಸುಮಾರು ೬೫ ಟನ್ನು, ವೇಗ ಸೆಕೆಂಡಿಗೆ ಸುಮಾರು ೭೦ ಮೀಟರು ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಬರುವ ಶಕ್ತಿಯು ತಣ್ಣೀರಿನ ೫೦೦ ಲೀಟರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಈ ಶಕ್ತಿಯನ್ನೆಲ್ಲ ಅರ್ಧ ನಿಮಿಷದೊಳಗೆ ಎಲ್ಲಿಗಾದರೂ ಸಾಗಹಾಕಬೇಕು. ಗಾಲಿಗಳ ಬ್ರೇಕುಗಳು ಅದರ ಬಹುಪಾಲನ್ನು ಶಾಖವಾಗಿ ಮಾರ್ಪಡಿಸುತ್ತವೆ. ಎಂಜಿನಿನ ವಾಯುಪ್ರವಾಹವನ್ನು ಮುಂದಕ್ಕೆ ತಿರುಗಿಸುವ ಏರ್ಪಾಡು ಸ್ವಲ್ಪ ನೆರವಾಗುತ್ತದೆ. ರೆಕ್ಕೆಗಳ ಮೇಲೆ ಎದ್ದುನಿಲ್ಲುವ ಹಲಗೆಗಳು ಎತ್ತುಬಲವನ್ನು ಕೆಡಿಸಿ ತೂಕವೆಲ್ಲ ಗಾಲಿಗಳ ಮೇಲೆ ಬೀಳುವಂತೆ ಮಾಡುತ್ತವೆ. ತೂಕವು ಬೀಳದ ಗಾಲಿಗೆ ಘರ್ಷಣೆಯೂ ಇಲ್ಲ, ಬ್ರೇಕಿನಿಂದ ಪ್ರಯೋಜನವೂ ಇಲ್ಲ. ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಈ ಸಾಧನಗಳೆಲ್ಲ ಕೆಲಸಕ್ಕೆ ತೊಡಗುವುದು ವಿಮಾನವು ನೆಲಕ್ಕೆ ತಾಗಿದ ಮೇಲೆಯೇ. ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿರುವ ವಿಮಾನದ ಕೆಳಗೆ ಹಿಂದೆ ಸರಿದುಹೋದ ರನ್‌ವೇ ಯಾವ ಉಪಯೋಗಕ್ಕೂ ಬಾರದು.

ಈಗ ಮಂಗಳೂರಿನ ವಿಷಯಕ್ಕೆ ಬರೋಣ. ಅಂದು ಮಳೆಯಿರಲಿಲ್ಲ, ಗಾಳಿ ಶಾಂತವಾಗಿತ್ತು, ಆರು ಕಿಲೋಮೀಟರು ದೂರ ಕಾಣಿಸುತ್ತಿತ್ತು. ರನ್‌ವೇ ಚಿಕ್ಕದೆಂಬ ದೂರು ಆಗ ಎಲ್ಲರ ಬಾಯಲ್ಲಿಯೂ ಇತ್ತು. ೧೯೮೧ರಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಇಲ್ಲಿಯೇ ರನ್‌ವೇಯನ್ನು ಮೀರಿದ್ದುಂಟು. ದೈವವಶಾತ್ ಅಂದು ಯಾರೂ ಸಾಯಲಿಲ್ಲ. ಆದರೆ ಅದು ೧೬೧೫ ಮೀಟರಿನ ಹಳೆಯ ರನ್‌ವೇ. ೨೦೦೬ರಲ್ಲಿ ತೆರೆದ ಹೊಸ ರನ್‌ವೇಯ ಉದ್ದ ೨೪೫೦ ಮೀಟರು. ಸರಿಯಾಗಿ ಇಳಿದರೆ ಬೋಯಿಂಗ್ ೭೩೭ಕ್ಕೆ ಇಷ್ಟು ಧಾರಾಳವಾಗಿ ಸಾಕು.

ಸರಿಯಾಗಿ ಇಳಿಯುವುದೆಂದರೇನು? ವಿಮಾನಗಳು ಸಾಮಾನ್ಯವಾಗಿ ಮೂರು ಡಿಗ್ರಿಗಳ ಇಳಿಜಾರಿನಲ್ಲಿ ಬರುತ್ತವೆ. ಅಂದರೆ ಸುಮಾರು ೧೯ ಮೀಟರು ಮುಂದೆ ಸಾಗಿದಾಗ ಒಂದು ಮೀಟರು ಕೆಳಗಿಳಿಯುತ್ತವೆ. ರನ್‌ವೇಯ ಆರಂಭದ ಅಂಚನ್ನು ೫೦ ಅಡಿ, ಎಂದರೆ ೧೫ ಮೀಟರು ಎತ್ತರದಲ್ಲಿ ದಾಟಬೇಕು. ಅಂದಿನ ತೂಕಕ್ಕೆ ತಕ್ಕ ವೇಗವು ೧೪೪ ನಾಟ್, ಎಂದರೆ ಗಂಟೆಗೆ ಸುಮಾರು ೨೬೭ ಕಿಲೋಮೀಟರು. ಆದರೆ ಆ ವಿಮಾನವು ಅಂಚನ್ನು ದಾಟಿದ್ದು ಸುಮಾರು ೨೦೦ ಅಡಿ ಎತ್ತರದಲ್ಲಿ, ೧೬೦ ನಾಟ್‌ಗೂ ಮೀರಿದ ವೇಗದಲ್ಲಿ. ಹೆಚ್ಚಾದ ೧೫೦ ಅಡಿ ಎಷ್ಟು ಅಲ್ಪವೆಂದು ತೋರುತ್ತದೆ! ವಾಡಿಕೆಯ ಇಳಿಜಾರಿನಲ್ಲಿ ಅದನ್ನು ಕಳೆಯಬೇಕಾದರೆ ೮೭೦ ಮೀಟರು ಮುಂದೆ ಸಾಗಬೇಕು. ಅದಕ್ಕಿಂತ ಕಡಿದಾಗಿ ಇಳಿದರೆ ವೇಗವು ಏರುತ್ತದೆ. ಎತ್ತರದಲ್ಲಿ ಅಡಗಿದ ಸ್ಥಿತಿಶಕ್ತಿಯು ಮಾಯವಾಗುವುದಿಲ್ಲವಷ್ಟೆ. ಅದು ಚಲನಶಕ್ತಿಯ ರೂಪದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ೧೪೪ರ ಬದಲು ೧೬೦ ಎಂದಾಗ ವೇಗವು ಹೆಚ್ಚಿದ್ದು ನೂರಕ್ಕೆ ೧೧ರಷ್ಟು. ಚಲನಶಕ್ತಿಯಾದರೋ ವರ್ಗದ ನಿಯಮದಂತೆ ನೂರಕ್ಕೆ ೨೩ರಷ್ಟು ಹೆಚ್ಚಿತು. ಇಂಥ ವೇಗದಲ್ಲಿ ರೆಕ್ಕೆಗಳಿಗೆ ಇನ್ನೂ ಎತ್ತುಬಲವಿರುವುದರಿಂದ ವಿಮಾನವು ನೆಲಕ್ಕೆ ಕೂರಲೊಲ್ಲದೆ ತೇಲುತ್ತದೆ. ಅದು ನೆಲ ಮುಟ್ಟಿದಾಗ ೫೨೦೦ ಅಡಿ, ಎಂದರೆ ೧೫೮೫ ಮೀಟರು ಕಳೆದುಹೋಗಿತ್ತು. ಉಳಿದದ್ದು ೮೬೫ ಮೀಟರು.

ಆಶ್ಚರ್ಯವೆಂದರೆ ಆಗಲೂ ಆಸೆಯಿತ್ತು. ನೆಲಕ್ಕೆ ತಾಗಿದೊಡನೆ ಬ್ರೇಕುಗಳನ್ನು ಪೂರ್ಣವಾಗಿ ಒತ್ತಿ, ಎಂಜಿನಿನ ಹಿಮ್ಮುಖ ನೂಕನ್ನೂ ಸರಿಯಾಗಿ ಬಳಸಿದ್ದರೆ, ರನ್‌ವೇಯ ಆರಂಭದಿಂದ ೭೬೦೦ ಅಡಿಯೊಳಗೆ ವಿಮಾನವು ನಿಲ್ಲುತ್ತಿತ್ತೆಂದು ವಿಚಾರಣೆಯಲ್ಲಿ ಕಂಡುಬಂದಿತು. ರನ್‌ವೇಯ ಉದ್ದ ೮೦೩೩ ಅಡಿ. ಆದರೆ ಬ್ರೇಕು ಹಾಕಿದ ಆರು ಸೆಕೆಂಡುಗಳೊಳಗೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೊರಟರು. ಹಿಮ್ಮುಖ ನೂಕನ್ನು ಒಮ್ಮೆ ಬಳಸಿದ ಮೇಲೆ ಹಾರಲು ಯತ್ನಿಸಬಾರದೆಂಬುದು ತಯಾರಕರ ನಿಯಮ. ಮುಂದಕ್ಕೆ ತಿರುಗಿಸಿದ ವಾಯುಪ್ರವಾಹವನ್ನು ಮತ್ತೆ ಹಿಂದಕ್ಕೆ ಹರಿಯಿಸಿ, ಎಂಜಿನು ಪೂರ್ಣಬಲಕ್ಕೆ ಬರಲು ಹಲವು ಸೆಕೆಂಡುಗಳು ಬೇಕು; ಸೆಕೆಂಡೊಂದಕ್ಕೆ ಅರವತ್ತು ಎಪ್ಪತ್ತು ಮೀಟರು ರನ್‌ವೇ ಸರಿದುಹೋಗುತ್ತಿರುತ್ತದೆ. ವಿಮಾನವು ನಿಲ್ಲಲೂ ಇಲ್ಲ, ಏರಲೂ ಇಲ್ಲ. ಕೊನೆಯಲ್ಲಿದ್ದ ಮರಳಿನ ಪ್ರದೇಶವನ್ನು ದಾಟಿ, ಆಂಟೆನಾದ ಕಾಂಕ್ರೀಟು ಕಟ್ಟೆಗೆ ಬಲರೆಕ್ಕೆಯನ್ನು ತಾಗಿಸಿಕೊಂಡು ಕಣಿವೆಗೆ ಉರುಳಿತು.

ಅಷ್ಟು ಎತ್ತರದಲ್ಲಿ ಏಕೆ ಬಂದರು? ನಿಲ್ದಾಣದ ರಡಾರು ಮೇ ೨೦ರಿಂದ ಕೆಟ್ಟಿತ್ತು. ಆದ್ದರಿಂದ ಕೆಳಗಿಳಿಯುವ ಅಪ್ಪಣೆಯು ವಾಡಿಕೆಗಿಂತ ತಡವಾಗಿ ದೊರೆಯಿತು. ಇದು ಅಷ್ಟೇನೂ ದೊಡ್ಡ ತೊಡಕಲ್ಲ. ಇದಕ್ಕಿಂತ ಮುಖ್ಯವಾದದ್ದು ಧ್ವನಿಮುದ್ರಿಕೆಯಿಂದ ತಿಳಿದುಬಂದ ಸಂಗತಿ: ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ತಮ್ಮ ಆಸನದಲ್ಲಿಯೇ ನಿದ್ರಿಸಿದ್ದರು. ಗಾಢನಿದ್ರೆಯಿಂದ ಎದ್ದವನ ಬುದ್ಧಿಯು ಕೆಲವು ಕಾಲ ಮಂದವಾಗಿರುತ್ತದೆ. ತೀರ್ಪು ತಪ್ಪುತ್ತದೆ, ಹಿಡಿದದ್ದನ್ನು ಬಿಡಲು ಮನಸ್ಸು ಬಾರದು. ವೈದ್ಯಶಾಸ್ತ್ರಜ್ಞರು ಇದನ್ನು ನಿದ್ರಾಜಡತ್ವವೆಂದು ಕರೆಯುತ್ತಾರೆ. ಜಡತ್ವವೆಂಬ ಶಬ್ದವು ನಮ್ಮ ಶಾಸ್ತ್ರದ ಸೊತ್ತೆಂದು ತಿಳಿದಿದ್ದ ನಾವು, ಅವರು ಅದನ್ನು ಎರವಲು ಪಡೆದು ಎಷ್ಟು ಉಚಿತವಾಗಿ ಬಳಸಿದ್ದಾರೆಂದು ಮೆಚ್ಚಬೇಕಾಗಿದೆ.

ಕಲ್ಲಿಕೋಟೆಯಲ್ಲಿ ಎತ್ತರಕ್ಕಿಂತ ಗಾಳಿಯ ಪಾತ್ರವೇ ಹೆಚ್ಚು. ರೆಕ್ಕೆಗೆ ಬೇಕಾದದ್ದು ಗಾಳಿಗೆ ಸಂಬಂಧಿಸಿದ ವೇಗ. ಬ್ರೇಕು ಎದುರಿಸಬೇಕಾದದ್ದು ನೆಲಕ್ಕೆ ಸಂಬಂಧಿಸಿದ ವೇಗ. ಎದುರುಗಾಳಿಯಿದ್ದರೆ ಎರಡನೆಯದು ಕಡಿಮೆಯಾಗುತ್ತದೆ, ಬೆನ್ನಗಾಳಿಯಿದ್ದರೆ ಹೆಚ್ಚುತ್ತದೆ. ವಿಮಾನಗಳು ಗಾಳಿಗೆ ಮುಖಮಾಡಿ ಇಳಿಯುವುದು ಇದಕ್ಕಾಗಿಯೇ. ಅಂದು ಆ ವಿಮಾನವು ಇಳಿದದ್ದು ಮಳೆಯಲ್ಲಿ, ೧೪ ನಾಟ್ ಬೆನ್ನಗಾಳಿಯೊಡನೆ. ನೆಲ ಮುಟ್ಟಿದಾಗ ನೆಲವೇಗ ೧೬೫ ನಾಟ್. ಎಂದರೆ ಸೆಕೆಂಡಿಗೆ ೮೫ ಮೀಟರು. ರನ್‌ವೇಯ ೨೭೦೦ ಮೀಟರುಗಳಲ್ಲಿ ೧೩೫೩ ಮೀಟರು ಆಗಲೇ ಕಳೆದಿತ್ತು. ರನ್‌ವೇಯ ಕೊನೆಯನ್ನು ಅದು ದಾಟಿದ್ದು ೮೪.೫ ನಾಟ್, ಎಂದರೆ ಸೆಕೆಂಡಿಗೆ ೪೩.೫ ಮೀಟರು ವೇಗದಲ್ಲಿ.

ವಿದ್ಯಾರ್ಥಿಗಳು ಪೆನ್ಸಿಲು ಹಿಡಿದು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ಮೊದಲಿನ ವೇಗದ ವರ್ಗದಿಂದ ಕೊನೆಯ ವೇಗದ ವರ್ಗವನ್ನು ಕಳೆದು, ಉಳಿದ ೧೩೪೭ ಮೀಟರಿನ ಇಮ್ಮಡಿಯಿಂದ ಭಾಗಿಸಿದರೆ, ಪ್ರತಿ ಸೆಕೆಂಡಿಗೂ ವೇಗವು ಸರಾಸರಿ ೨ ಮೀಟರಿನಷ್ಟು ತಗ್ಗಿತೆಂದು ಹೊರಡುತ್ತದೆ. ಅದೇ ದರದಲ್ಲಿ ಪೂರ್ಣ ನಿಲ್ಲಲು ಇನ್ನೂ ಸುಮಾರು ೪೭೦ ಮೀಟರು, ಒಟ್ಟಿನಲ್ಲಿ ಸುಮಾರು ೧೮೨೦ ಮೀಟರು ಬೇಕಾಗಿತ್ತು. ಈಗ ಗಾಳಿಯ ದಿಕ್ಕನ್ನು ಮನಸ್ಸಿನಲ್ಲಿಯೇ ತಿರುಗಿಸೋಣ. ೧೪ ನಾಟ್ ಎಂದರೆ ಸೆಕೆಂಡಿಗೆ ೭.೨ ಮೀಟರು. ಗಾಳಿಯೇ ಇಲ್ಲದಿದ್ದರೆ ನೆಲವೇಗ ೭೭.೮, ನಿಲ್ಲಲು ಬೇಕಾದ ದೂರ ಸುಮಾರು ೧೫೧೦ ಮೀಟರು. ಅಷ್ಟೇ ಗಾಳಿ ಎದುರಿನಿಂದ ಬೀಸುತ್ತಿದ್ದರೆ ನೆಲವೇಗ ೭೦.೬, ದೂರ ಸುಮಾರು ೧೨೫೦ ಮೀಟರು. ಅಂದರೆ ಅದೇ ಸ್ಥಳದಲ್ಲಿ ನೆಲ ಮುಟ್ಟಿ, ಅದೇ ಬ್ರೇಕನ್ನು ಹಾಕಿದ್ದರೂ ವಿಮಾನವು ರನ್‌ವೇಯೊಳಗೆ ನಿಲ್ಲುತ್ತಿತ್ತು! ಇನ್ನೊಂದು ಬಗೆಯಲ್ಲಿ ನೋಡೋಣ. ಬೆನ್ನಗಾಳಿ ಇದ್ದಂತೆಯೇ ಇರಲಿ, ಆದರೆ ೪೦೦ ಮೀಟರಿನ ಗುರುತಿನಲ್ಲಿ ನೆಲ ಮುಟ್ಟಿತೆನ್ನೋಣ. ಆಗ ಉಳಿಯುವ ೨೩೦೦ ಮೀಟರಿನಲ್ಲಿ ೧೮೨೦ ಮೀಟರು ಸಲೀಸಾಗಿ ಹಿಡಿಸುತ್ತದೆ. ನಮ್ಮ ಲೆಕ್ಕವು ಸ್ಥೂಲವಾದದ್ದು. ವೇಗವು ಒಂದೇ ದರದಲ್ಲಿ ತಗ್ಗುವುದಿಲ್ಲ, ಗಾಳಿಯ ತಡೆಯೂ ವೇಗದೊಡನೆ ಬದಲಾಗುತ್ತದೆ. ಆದರೂ ಬೆನ್ನಗಾಳಿಯ ಬದಲು ಅಷ್ಟೇ ಎದುರುಗಾಳಿ ಇದ್ದಿದ್ದರೂ, ಇಲ್ಲವೆ ನೆಲಸ್ಪರ್ಶವು ತಡವಾಗದಿದ್ದರೂ ಸಾಕಾಗಿತ್ತೆಂಬುದಕ್ಕೆ ಇಷ್ಟು ಸಾಲದೆ?

ರನ್‌ವೇಯನ್ನು ಮೀರಿದ ವಿಮಾನವನ್ನು ಹಿಡಿಯುವ ಉಪಾಯವೊಂದಿದೆ. ಟೊಳ್ಳುಗಳಿಂದ ತುಂಬಿದ ಹಗುರವಾದ ಸಿಮೆಂಟಿನ ಗಟ್ಟಿಗಳನ್ನು ರನ್‌ವೇಯ ಆಚೆಗೆ ಹಾಸುತ್ತಾರೆ. ಗಾಲಿಗಳು ಅದನ್ನು ಪುಡಿಮಾಡಿಕೊಂಡು ಹೂತುಹೋಗುವಾಗ ಚಲನಶಕ್ತಿಯು ವ್ಯಯವಾಗುತ್ತದೆ. ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಲ್ಲಿ ಇದನ್ನು ೧೯೯೬ರಲ್ಲಿ ಹಾಸಿದರು. ೧೯೯೯ರಲ್ಲಿ ಅಮೆರಿಕನ್ ಈಗಲ್ ಎಂಬ ಪ್ರಾದೇಶಿಕ ಸಂಸ್ಥೆಯ ಸಾಬ್ ವಿಮಾನವೊಂದು ಅಲ್ಲಿ ರನ್‌ವೇಯನ್ನು ಮೀರಿದಾಗ ಈ ಹಾಸು ಅದನ್ನು ಹಿಡಿದು ನಿಲ್ಲಿಸಿತು, ಯಾರೂ ಸಾಯಲಿಲ್ಲ. ಆದರೆ ಸಾಮಾನ್ಯವಾಗಿ ಇಂಥ ಹಾಸನ್ನು ರಚಿಸುವುದು ೭೦ ನಾಟ್ ವೇಗಕ್ಕೆ. ಕಲ್ಲಿಕೋಟೆಯ ೮೪.೫ ನಾಟ್‌ನಲ್ಲಿ ಚಲನಶಕ್ತಿಯು ಅದಕ್ಕಿಂತ ನೂರಕ್ಕೆ ೪೫ರಷ್ಟು ಹೆಚ್ಚು. ಆ ವಿಮಾನವು ಹಾಸಿನ ಮೇಲೆ ನಿಲ್ಲದೆ ಹೋಗಬಹುದಾಗಿತ್ತು. ಆದರೆ ಅಂಚಿಗೆ ಬರುವಷ್ಟರಲ್ಲಿ ಅದರ ವೇಗವು ಬಹಳವಾಗಿ ಕುಗ್ಗಿರುತ್ತಿತ್ತು.

ಇಷ್ಟಾದರೂ ಲೆಕ್ಕಕ್ಕೆ ಸಿಗದ ಸಂಗತಿಯೊಂದು ಉಳಿದೇ ಇದೆ. ಮಂಗಳೂರಿನಲ್ಲಿ ಇಳಿತವು ಕೆಟ್ಟಿರುವುದು ಸಹವೈಮಾನಿಕರಿಗೆ ತಿಳಿದಿತ್ತು. ಇಳಿಯದೆ ಮತ್ತೆ ಮೇಲೇರಬೇಕೆಂಬುದಕ್ಕೆ ವೈಮಾನಿಕರು ‘ಗೋ ಅರೌಂಡ್’ ಎನ್ನುತ್ತಾರೆ. ಅವರು ಆ ಮಾತನ್ನು ಮೂರು ಸಲ ಹೇಳಿದರು. ನೆಲವು ಸಮೀಪಿಸಿತೆಂದು ಎಚ್ಚರಿಸುವ ಯಂತ್ರವೂ ಕೂಗುತ್ತಿತ್ತು. ಕಲ್ಲಿಕೋಟೆಯಲ್ಲಿಯೂ ಸಹವೈಮಾನಿಕರು ಅದೇ ಮಾತನ್ನು ಹೇಳಿದರು. ಎರಡು ಕಡೆಯೂ ಹಿರಿಯರು ಕೇಳಲಿಲ್ಲ, ಕಿರಿಯರು ಚುಕ್ಕಾಣಿಯನ್ನು ಕಸಿದುಕೊಳ್ಳಲಿಲ್ಲ. ಮಂಗಳೂರಿನ ವರದಿಯು ಇದಕ್ಕೊಂದು ಕಾರಣವನ್ನು ಊಹಿಸಿದೆ: ಕಿರಿಯ ವೈಮಾನಿಕನು ತಾನಾಗಿಯೇ ವಿಮಾನವನ್ನು ಮೇಲೇರಿಸಬಹುದೇ ಎಂಬ ವಿಷಯದಲ್ಲಿ ಸೂಚನೆಗಳು ಅಸ್ಪಷ್ಟವಾಗಿದ್ದವು. ಹತ್ತು ವರ್ಷಗಳ ಮೇಲೆ ಬಂದ ಕಲ್ಲಿಕೋಟೆಯ ವರದಿಯಲ್ಲಿ, ಚಾಲನೆಯನ್ನು ವಹಿಸಿಕೊಳ್ಳದ ಸಹವೈಮಾನಿಕರ ಲೋಪವೂ ಅಪಘಾತದ ಕಾರಣಗಳಲ್ಲಿ ಸೇರಿದೆ. ಹಿರಿಯರ ಎದುರು ಬಾಯಿ ತೆರೆಯಬಾರದೆಂದು ಬೆಳೆದ ನಮ್ಮ ನಾಡಿನಲ್ಲಿ ಮೂರು ಸಲ ಹೇಳಿದ್ದೇ ಹೆಚ್ಚೆಂದು ಕೆಲವರು ಅಂದಾರು. ನಾವು ಹಾಗೆ ಎಣಿಸುವುದಿಲ್ಲ. ಹಿಂದಿನ ಆಸನಗಳಲ್ಲಿದ್ದ ನೂರಾರು ಮಂದಿಗೆ ರನ್‌ವೇ ಕಾಣಿಸುತ್ತಿರಲಿಲ್ಲ. ಅದು ಕಾಣಿಸುತ್ತಿದ್ದುದು ಈ ಇಬ್ಬರಿಗೆ ಮಾತ್ರ.

ಗೋ ಅರೌಂಡ್ ಎಂದರೆ ಅಪಾಯದ ಸಾಹಸವೇನೂ ಅಲ್ಲ. ಎಂಜಿನುಗಳ ಬಲವನ್ನು ಹೆಚ್ಚಿಸಿ, ಮೂಗನ್ನೆತ್ತಿ, ಗಾಲಿಗಳನ್ನು ಒಳಗೆಳೆದುಕೊಂಡು ಒಂದು ಸುತ್ತು ಬರುವುದು. ವ್ಯಯವಾಗುವುದು ಕೆಲವು ನಿಮಿಷಗಳು, ಸ್ವಲ್ಪ ಇಂಧನ. ಕಲ್ಲಿಕೋಟೆಯ ವಿಮಾನವು ಅದೇ ಸಂಜೆ ರನ್‌ವೇಯ ಇನ್ನೊಂದು ತುದಿಯಿಂದ ಇಳಿಯಲು ಬಂದು, ಮಳೆಯಲ್ಲಿ ಇಳಿಯಲಾಗದೆ, ಒಮ್ಮೆ ಹೀಗೆ ಮೇಲೇರಿ ಹೋಗಿತ್ತು.