ವಾಹನದ ಸಣ್ಣಪುಟ್ಟ ದೋಷ ಹಾಗೂ ಮಾರ್ಪಾಡು: ಅಪಘಾತದ ಬಳಿಕ ಚಾಲಕರ ಮತ್ತು ಮಾಲೀಕರ ಹೊಣೆ

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ)

ಗ್ರಾಮದ ವ್ಯಾಪ್ತಿಯಲ್ಲಿ ರಸ್ತೆ ಅಪಘಾತ ಸಂಭವಿಸಿದಾಗ ಉಭಯ ಕಡೆಯವರೂ ಸಲಹೆಗಾಗಿ ಮೊದಲು ಬರುವುದು ಬಹುಮಟ್ಟಿಗೆ ಪಂಚಾಯತಿ ಸದಸ್ಯರ ಬಳಿಗೆ. "ಟ್ರೇಲರಿನ ಹಿಂಬದಿ ದೀಪ ಉರಿಯುತ್ತಿರಲಿಲ್ಲ, ಆದ್ದರಿಂದ ತಪ್ಪೆಲ್ಲ ಅವರದೇ" ಎಂದು ಒಬ್ಬರು ವಾದಿಸಿದರೆ, "ದೀಪ ಕೆಡುವುದು ಸಹಜ, ಅದಕ್ಕೂ ಅಪಘಾತಕ್ಕೂ ಸಂಬಂಧವೇನು" ಎಂದು ಇನ್ನೊಬ್ಬರು ಕೇಳುತ್ತಾರೆ. ಈ ಎರಡು ವಾದಗಳಲ್ಲಿ ಯಾವುದೂ ಪೂರ್ಣ ಸರಿಯಲ್ಲ. ಇದಲ್ಲದೆ ತ್ಯಾಜ್ಯ ಸಂಗ್ರಹಣಾ ವಾಹನ, ನೀರಿನ ಟ್ಯಾಂಕರ್ ಮುಂತಾದವುಗಳನ್ನು ಹೊಂದಿರುವ ಗ್ರಾಮ ಪಂಚಾಯತಿಯು ಸ್ವತಃ ವಾಹನ ಮಾಲೀಕ ಸಂಸ್ಥೆಯಾಗಿರುವುದರಿಂದ, ಕಾನೂನಿನ ನಿಲುವನ್ನು ಸದಸ್ಯರು ತಿಳಿದಿರುವುದು ಅವಶ್ಯಕ.

ಅಪಘಾತಕ್ಕೊಳಗಾದ ವಾಹನದಲ್ಲಿ ದೋಷ ಕಂಡುಬಂದಾಗ ಮೂರು ಪ್ರತ್ಯೇಕ ಪ್ರಶ್ನೆಗಳು ಉದ್ಭವಿಸುತ್ತವೆ: ಅದು ದಂಡಾರ್ಹ ಅಪರಾಧವೇ? ಪರಿಹಾರ ಕೊಡುವ ಹೊಣೆ ಯಾರದು? ವಿಮಾ ಕಂಪನಿ ಹಣ ಪಾವತಿಸುವುದೇ? ಒಂದಕ್ಕೆ ದೊರೆತ ಉತ್ತರವೇ ಉಳಿದೆರಡಕ್ಕೂ ಅನ್ವಯಿಸುವುದಿಲ್ಲ.

1. ಅಪರಾಧದ ಪ್ರಶ್ನೆ

ಮೋಟಾರು ವಾಹನ ಕಾಯ್ದೆ, 1988ರ ಕಲಂ 190(1)ರ ಪ್ರಕಾರ, ಚಾಲನೆಯನ್ನು ಅಪಾಯಕಾರಿಯಾಗಿಸುವ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಅಪರಾಧ. ದೋಷ ತಿಳಿದಿತ್ತೆಂದು ತೋರಿಸಲೇಬೇಕೆಂದಿಲ್ಲ. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಅದು ಕಣ್ಣಿಗೆ ಬೀಳುವಂತಿದ್ದರೂ ಸಾಕು. 2019ರ ತಿದ್ದುಪಡಿಯ ನಂತರ ಇದಕ್ಕೆ 1,500 ರೂಪಾಯಿಗಳವರೆಗೆ ದಂಡವಿದೆ. ಆ ದೋಷದ ಪರಿಣಾಮವಾಗಿಯೇ ಅಪಘಾತವಾಗಿ ಗಾಯ ಅಥವಾ ಆಸ್ತಿ ನಷ್ಟ ಉಂಟಾದರೆ 3 ತಿಂಗಳವರೆಗೆ ಕಾರಾವಾಸ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಈ ಕಲಮು ಚಾಲಕರಿಗಷ್ಟೇ ಸೀಮಿತವಲ್ಲ. ವಾಹನ ಓಡಿಸಲು ಹೇಳಿದವರು ಮತ್ತು ಅವಕಾಶ ಕೊಟ್ಟವರೂ ಇದರ ವ್ಯಾಪ್ತಿಗೆ ಬರುತ್ತಾರೆ. ಬ್ರೇಕ್ ಸರಿಯಿಲ್ಲವೆಂದು ಚಾಲಕರು ದೂರು ನೀಡಿದ ಮೇಲೂ "ಇವತ್ತೊಂದು ದಿನ ಓಡಿಸಿ" ಎಂದು ಹೇಳುವುದು ಹೊಣೆಯನ್ನು ತಾನಾಗಿಯೇ ಹೆಗಲಿಗೇರಿಸಿಕೊಂಡಂತೆ.

2. ಮಾರ್ಪಾಡಿನ ಪ್ರಶ್ನೆ

ತಯಾರಕರು ಮೂಲತಃ ನಿಗದಿಪಡಿಸಿದ ಹಾಗೂ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ಕಲಂ 52 ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿದಿದೆ. ಕಲಂ 182ಎ(4)ರಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹೆಚ್ಚು ಸರಕು ತುಂಬಲು ಟ್ರೇಲರಿನ ಪಕ್ಕದ ಹಲಗೆಗಳನ್ನು ವೆಲ್ಡಿಂಗ್ ಮಾಡಿ ಎತ್ತರಿಸುವುದು, ಸೈಲೆನ್ಸರ್ ಬದಲಿಸುವುದು, ಎದುರಿನವರ ಕಣ್ಣು ಕುಕ್ಕುವ ದೀಪ ಅಳವಡಿಸುವುದು ನಮ್ಮಲ್ಲಿ ಸಾಮಾನ್ಯ. ಎತ್ತರಿಸಿದ ಟ್ರೇಲರಿನಲ್ಲಿ ಭಾರ ಮೇಲಕ್ಕೇರಿ, ತಿರುವಿನಲ್ಲಿ ಪಲ್ಟಿಯಾಗುವ ಸಂಭವ ಹೆಚ್ಚುತ್ತದೆ. ಬ್ರೇಕ್ ಹಾಕಿದರೂ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಅಪಘಾತದ ನಂತರದ ತನಿಖೆಯಲ್ಲಿ ಇವೆಲ್ಲವೂ ಮಾಲೀಕರ ವಿರುದ್ಧ ಸಾಕ್ಷ್ಯವಾಗಬಲ್ಲವು.

3. ಪರಿಹಾರದ ಪ್ರಶ್ನೆ

ಇಲ್ಲಿ ನಿರ್ಣಾಯಕವಾದುದು ದೋಷಕ್ಕೂ ಅಪಘಾತಕ್ಕೂ ಇರುವ ಕಾರಣ ಸಂಬಂಧ. ಒಂದು ಉದಾಹರಣೆ: ಹಿಂಬದಿ ದೀಪವೂ ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರೇಲರನ್ನು ರಾತ್ರಿ ರಸ್ತೆಯಂಚಿನಲ್ಲಿ ನಿಲ್ಲಿಸಲಾಗಿದೆ, ಬೈಕ್ ಸವಾರರು ಹಿಂದಿನಿಂದ ಡಿಕ್ಕಿ ಹೊಡೆಯುತ್ತಾರೆ. ಇಲ್ಲಿ ದೋಷವೇ ಅಪಘಾತಕ್ಕೆ ಕಾರಣವಾಗಿರುವುದರಿಂದ ಟ್ರ್ಯಾಕ್ಟರ್ ಕಡೆಯವರ ಹೊಣೆ ಭಾರವಾಗುತ್ತದೆ. ಸವಾರರ ಅತಿವೇಗ ಸಾಬೀತಾದರೆ ನಿರ್ಲಕ್ಷ್ಯವನ್ನು ಉಭಯತರ ನಡುವೆ ಹಂಚಿಕೆ ಮಾಡಬಹುದು. ಅದೇ ಟ್ರೇಲರ್ ಹಗಲಿನಲ್ಲಿ ತನ್ನ ಬದಿಯಲ್ಲಿಯೇ ಸಾಗುತ್ತಿದ್ದು, ಎದುರಿನಿಂದ ಬಂದ ಕಾರು ಅಡ್ಡ ನುಗ್ಗಿ ಡಿಕ್ಕಿ ಹೊಡೆದರೆ, ಕೆಟ್ಟ ಹಿಂಬದಿ ದೀಪಕ್ಕೆ ದಂಡ ತೆರಬೇಕಾಗಬಹುದೇ ಹೊರತು ಅಪಘಾತದ ಹೊಣೆ ಅದರಿಂದ ಬರುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2020ರ ತೀರ್ಪೊಂದರಲ್ಲಿ ಇದೇ ತತ್ವವನ್ನು ಅನುಸರಿಸಿದೆ. ಒಂದು ಬೈಕಿನಲ್ಲಿ ಮೂವರು ಪ್ರಯಾಣಿಸಿದ್ದು ನಿಯಮ ಉಲ್ಲಂಘನೆಯಾದರೂ, ಅದು ಅಪಘಾತಕ್ಕೆ ಕಾರಣವಾಯಿತೆಂದು ತೋರಿಸದ ಹೊರತು ಸಂತ್ರಸ್ತರ ನಿರ್ಲಕ್ಷ್ಯವೆಂದು ಪರಿಗಣಿಸಿ ಪರಿಹಾರ ಕಡಿತಗೊಳಿಸಲಾಗದು ಎಂದು ಅದು ಹೇಳಿತು.

"ಬ್ರೇಕ್ ಇದ್ದಕ್ಕಿದ್ದಂತೆ ವಿಫಲವಾಯಿತು" ಎಂಬ ಸಮರ್ಥನೆಯೂ ಸುಲಭವಲ್ಲ. ದೋಷವು ಹೊರಗೆ ಕಾಣದಂತೆ ಅಡಗಿತ್ತು, ಸೂಕ್ತ ಎಚ್ಚರಿಕೆ ವಹಿಸಿದರೂ ಪತ್ತೆಯಾಗುತ್ತಿರಲಿಲ್ಲ ಎಂಬುದನ್ನು ಮಾಲೀಕರೇ ರುಜುವಾತುಪಡಿಸಬೇಕೆಂದು 1977ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ನಿರ್ವಹಣಾ ದಾಖಲೆ ಇಲ್ಲದ ಮಾಲೀಕರಿಗೆ ಇದು ಬಹುತೇಕ ಅಸಾಧ್ಯ. ಕರ್ತವ್ಯದಲ್ಲಿದ್ದ ಚಾಲಕರ ನಿರ್ಲಕ್ಷ್ಯಕ್ಕೆ ಮಾಲೀಕರೂ ಹೊಣೆಗಾರರಾದ್ದರಿಂದ, ಪಂಚಾಯತಿ ವಾಹನದ ವಿಷಯದಲ್ಲಿ ಆ ಭಾರ ಪಂಚಾಯತಿ ನಿಧಿಯ ಮೇಲೆ ಬೀಳಬಹುದು.

4. ವಿಮೆಯ ಪ್ರಶ್ನೆ

ಮೂರನೇ ವ್ಯಕ್ತಿಗೆ ಪರಿಹಾರ ನೀಡಲು ವಿಮಾ ಕಂಪನಿ ಯಾವ ಆಧಾರಗಳ ಮೇಲೆ ನಿರಾಕರಿಸಬಹುದೆಂದು ಕಲಂ 150 ಪಟ್ಟಿ ಮಾಡಿದೆ. ಸಣ್ಣ ದೋಷವೆಂಬುದು ಆ ಪಟ್ಟಿಯಲ್ಲಿಲ್ಲ. ಆದರೆ ಪರವಾನಗಿಯಿಲ್ಲದ ಚಾಲಕರು, ಪರ್ಮಿಟ್ ಅನುಮತಿಸದ ಉದ್ದೇಶಕ್ಕೆ ಬಳಕೆ, ಮಹತ್ವದ ಸಂಗತಿಯನ್ನು ಮರೆಮಾಚಿ ಪಾಲಿಸಿ ಪಡೆದಿರುವುದು ಅದರಲ್ಲಿವೆ. ಇಂತಹ ಪ್ರಕರಣಗಳಲ್ಲಿ ಕಂಪನಿಯು ಸಂತ್ರಸ್ತರಿಗೆ ಮೊದಲು ಹಣ ಪಾವತಿಸಿ, ಬಳಿಕ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಧಿಕರಣ ಆದೇಶಿಸುವುದುಂಟು. ಸ್ವಂತ ವಾಹನದ ನಷ್ಟದ ಕ್ಲೇಮಿನಲ್ಲಿ ತಿಳಿಸದ ಮಾರ್ಪಾಡು ತಕರಾರಿಗೆ ನೇರ ದಾರಿಯಾಗುತ್ತದೆ.

5. ಅಪಘಾತವಾದಾಗ ಅನುಸರಿಸಬೇಕಾದ ಕ್ರಮ

• ಗಾಯಾಳುಗಳಿಗೆ ಕೂಡಲೇ ಚಿಕಿತ್ಸೆ ಕೊಡಿಸುವುದು ಚಾಲಕರ ಮೊದಲ ಕರ್ತವ್ಯ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ ಠಾಣೆಗೆ ವರದಿ ಮಾಡಬೇಕು (ಕಲಂ 134). ವಿಮಾ ಕಂಪನಿಗೂ ಲಿಖಿತ ಮಾಹಿತಿ ನೀಡಬೇಕು.
• ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಗೆ ಮೊದಲು ವಾಹನವನ್ನು ದುರಸ್ತಿ ಮಾಡಬಾರದು. ದೋಷ ಅಪಘಾತಕ್ಕೆ ಮೊದಲೇ ಇತ್ತೇ, ಡಿಕ್ಕಿಯಿಂದ ಆಯಿತೇ ಎಂಬುದಕ್ಕೆ ಅವರ ವರದಿಯೇ ಮುಖ್ಯ ಆಧಾರ.
• ದೀಪ, ಟೈರು, ರಸ್ತೆಯ ಗುರುತುಗಳ ಛಾಯಾಚಿತ್ರಗಳನ್ನು ತೆಗೆದಿಡಬೇಕು.
• ಪರಿಹಾರದ ಅರ್ಜಿಗೆ ಕಲಂ 166(3) 6 ತಿಂಗಳ ಅವಧಿಯನ್ನು ನಿಗದಿಪಡಿಸಿದೆ. ರಾಜಿ ಮಾತುಕತೆಯಲ್ಲಿ ಈ ಕಾಲ ಕಳೆದುಹೋಗದಂತೆ ಸಂತ್ರಸ್ತ ಕುಟುಂಬಕ್ಕೆ ಸದಸ್ಯರು ತಿಳಿಸಬೇಕು.

6. ಪಂಚಾಯತಿ ಮಟ್ಟದಲ್ಲಿ

ಪಂಚಾಯತಿಯ ಪ್ರತಿ ವಾಹನಕ್ಕೂ ಒಂದು ವಹಿ ಇಟ್ಟು, ಹೊರಡುವ ಮುನ್ನ ಬ್ರೇಕ್, ದೀಪ, ಟೈರು, ಹಾರ್ನ್ ಪರಿಶೀಲಿಸಿ ಚಾಲಕರು ಸಹಿ ಮಾಡುವ ಪದ್ಧತಿ ಜಾರಿಗೆ ಬರಬೇಕು. ಚಾಲಕರು ಬರೆದ ದೂರಿನ ಎದುರು ದುರಸ್ತಿಯ ದಿನಾಂಕ ಮತ್ತು ಬಿಲ್ಲಿನ ಸಂಖ್ಯೆ ನಮೂದಾಗಬೇಕು. ದುರಸ್ತಿಯಾಗುವವರೆಗೆ ವಾಹನ ರಸ್ತೆಗಿಳಿಯಬಾರದು. ವಿಮೆ ಮತ್ತು ಅರ್ಹತಾ ಪತ್ರದ ಅವಧಿ ಮುಗಿಯುವ ದಿನಾಂಕಗಳನ್ನು ಕಚೇರಿಯ ಫಲಕದಲ್ಲಿ ಬರೆದಿಡುವುದು ಸೂಕ್ತ.

ಹಿಂಬದಿ ದೀಪದ ಬಲ್ಬಿಗೆ ತಗಲುವ ವೆಚ್ಚ ಅತ್ಯಲ್ಪ. ಅದಿಲ್ಲದೆ ಹೋದ ಜೀವಕ್ಕೆ ಯಾವ ಪರಿಹಾರವೂ ಸಮನಲ್ಲ. ಆದುದರಿಂದ ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸಲು, ಗ್ರಾಮದ ಟ್ರ್ಯಾಕ್ಟರ್ ಹಾಗೂ ಸರಕು ವಾಹನ ಮಾಲೀಕರಿಗೂ ತಿಳಿವಳಿಕೆ ನೀಡಲು ಸದಸ್ಯರನ್ನು ಕೋರಲಾಗಿದೆ.