ಮೈಕ್ರೋವೇವ್ ಸಂಶೋಧನೆಗೆ ಬೆಂಗಳೂರಿನಲ್ಲಿ ನೆಲೆ ಕಟ್ಟಿದ ರಾಜೇಶ್ವರಿ ಚಟರ್ಜಿ

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಗುರುತಿಸಲಾಗುವ ಡಾ. ರಾಜೇಶ್ವರಿ ಚಟರ್ಜಿ ಮೊದಲು ಓದಿದ್ದು ಎಂಜಿನಿಯರಿಂಗ್ ಅಲ್ಲ, ಗಣಿತ. 1922ರಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಮುಗಿಸಿದರು. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಸ್ಥಾನ. ಮೈಸೂರು ಸಂಸ್ಥಾನದ ಆರಂಭದ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪ ಅವರ ಅಜ್ಜಿ. ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ತಡೆಯಿರಲಿಲ್ಲ.

1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿದ ಅವರು, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ವರಿಸಿದ ಬಳಿಕ ದಂಪತಿ ಜೊತೆಗೂಡಿ ಕಟ್ಟಿದ್ದೇ ಮೈಕ್ರೋವೇವ್ ಪ್ರಯೋಗಾಲಯ.

ಏನಿದು ಮೈಕ್ರೋವೇವ್? ರೇಡಿಯೊ ಪ್ರಸಾರದ ಅಲೆಗಳಿಗಿಂತ ಬಹಳ ಗಿಡ್ಡನೆಯ, ಸೆಂಟಿಮೀಟರುಗಳಲ್ಲಿ ಅಳೆಯಬಹುದಾದ ಅಲೆಗಳಿವು. ಸಾಮಾನ್ಯ ತಂತಿಯಲ್ಲಿ ಹರಿಸಿದರೆ ಶಕ್ತಿ ಸೋರಿಹೋಗುತ್ತದೆ. ಹೀಗಾಗಿ ಟೊಳ್ಳಾದ ಲೋಹದ ಕೊಳವೆಗಳಲ್ಲಿ ಸಾಗಿಸಬೇಕು. ಕೊಳವೆಯ ಅಳತೆ, ಆಂಟೆನಾದ ಆಕಾರ ಎಲ್ಲವೂ ಕಠಿಣ ಗಣಿತದ ಲೆಕ್ಕ. ಗಣಿತದ ವಿದ್ಯಾರ್ಥಿನಿ ನೆಲೆ ಕಂಡದ್ದು ಇಲ್ಲಿಯೇ. ರಾಡಾರ್, ವಿಮಾನ, ಉಪಗ್ರಹಗಳ ಸಂಪರ್ಕಕ್ಕೆ ಈ ಅಲೆಗಳೇ ಆಧಾರ.

ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ಪ್ರಕಟವಾದ ಪ್ರಬಂಧಗಳು ನೂರಕ್ಕೂ ಹೆಚ್ಚು. ಪ್ರಶಸ್ತಿಗಳಿಗಿಂತ ಈ ಶಿಷ್ಯ ಪರಂಪರೆಯೇ ದೊಡ್ಡ ಆಸ್ತಿ ಎನ್ನಬೇಕು. ಆದರೂ ವಿಜ್ಞಾನ ವಲಯದಾಚೆ ಅವರ ಹೆಸರು ಕೇಳಿದವರು ಕಡಿಮೆ. 1982ರಲ್ಲಿ ನಿವೃತ್ತರಾದ ಬಳಿಕ ಅವರು ಸುಮ್ಮನೆ ಕೂರಲಿಲ್ಲ. ಭಾರತೀಯ ಮಹಿಳಾ ಅಧ್ಯಯನ ಸಂಘದಲ್ಲಿ ತೊಡಗಿಕೊಂಡರು. 2010ರ ಸೆಪ್ಟೆಂಬರ್‌ನಲ್ಲಿ ನಿಧನರಾದರು.